ತಣ್ಣನೆಯ ಬೆವರು

ಕಲ್ಲು ಮೇಲೆ ಹೋಗುತ್ತದೆ, ಇಳಿಯುತ್ತದೆ, ಹುಡುಗಿಯ ಅಂಗೈಯಲ್ಲಿ ಬೀಳುತ್ತದೆ, ಮತ್ತೆ ಮೇಲೆ ಹೋಗುತ್ತದೆ — ಕೊಟ್ಟಿಗೆಯ ಬಾಗಿಲ ಸಂದಿಯಿಂದ ಕಾಣುವುದು ಇಷ್ಟೇ, ಇಷ್ಟು ಕಂಡರೆ ಸಾಕು, ಹಿಡಿಯುವ ಕೈ ತಪ್ಪದಿದ್ದರೆ ಎಲ್ಲ ನೆಟ್ಟಗಿದೆ ಎಂದು ಅಂಬೂಬಾಯಿ ತನಗೆ ತಾನೇ ಹೇಳಿಕೊಳ್ಳುತ್ತಾಳೆ, ಹೇಳಿಕೊಂಡು ಮತ್ತೆ ಸಂದಿಗೆ ಕಣ್ಣು ಹಚ್ಚುತ್ತಾಳೆ. ಹಿತ್ತಲ ಕಟ್ಟೆಯ ಮೇಲೆ ಬೇವಿನ ನೆರಳು ತುಂಡು ತುಂಡಾಗಿ ಬಿದ್ದಿದೆ, ಆ ನೆರಳಲ್ಲಿ ಮಗಳು ತುಂಗಾ, ಹತ್ತು ವರ್ಷದವಳು, ಕಾಲು ಚಾಚಿ ಒಬ್ಬಳೇ ಕಲ್ಲಾಡುತ್ತಿದ್ದಾಳೆ, ಅವಳ ಮೇಲ್ದುಟಿಯ ಮೇಲೆ ಏನೋ ಮಿನುಗುತ್ತದೆ, ಬೆವರು, ಸಾಸಿವೆಯಷ್ಟು ಸಣ್ಣ ಹನಿಗಳ ಒಂದು ಸಾಲು, ಬೆವರದೆ ಏನು ಮಾಡೀತು, ವೈಶಾಖದ ಆದವಾನಿ ಊರು ಇದು, ಬಂಡೆಯ ಮಾಳಿಗೆ ಬೆಳಗ್ಗೆಯೇ ಕಾದು ಹಂಚಾಗಿದೆ, ಕೊಟ್ಟಿಗೆಯೊಳಗೆ ಆಕಳೂ ಏದುಸಿರು ಬಿಡುತ್ತಿದೆ, ತನ್ನ ತುಟಿಯ ಮೇಲೂ ಇಲ್ಲವೇ ಬೆವರು, ಸೆರಗಿನಿಂದ ಒರೆಸಿಕೊಂಡರೆ ಮತ್ತೆ ಬರುತ್ತದೆ — ಬಿಸಿಲಿನ ಬೆವರೋ, ರೋಗದ ಆ ಬೆವರೋ, ಇಲ್ಲಿಂದ ಹೇಗೆ ಗೊತ್ತಾಗಬೇಕು, ಮುಟ್ಟಿ ನೋಡಿದರೆ ತಾನೇ ಗೊತ್ತಾಗುವುದು, ಮುಟ್ಟುವ ಹಾಗಿಲ್ಲ, ನಿನ್ನೆಯಿಂದ ಅಂಬೂಬಾಯಿ ಮುಟ್ಟಾಗಿ ಹೊರಗಾಗಿದ್ದಾಳೆ. ಇವತ್ತು ಮನೆಯಲ್ಲಿ ಮಾವನವರ ಶ್ರಾದ್ಧ, ಬರೀ ಮುಟ್ಟಬಾರದು ಅಂತಲ್ಲ, ಅವಳ ಮುಖ ಬ್ರಾಹ್ಮಣರ ಕಣ್ಣಿಗೆ ಬೀಳಬಾರದು, ಅವಳ ದನಿ ಅವರ ಕಿವಿಗೆ ಬೀಳಬಾರದು, ಬಿದ್ದರೆ ಪಿತೃಗಳು ಉಣ್ಣದೆ ಎದ್ದುಹೋಗುತ್ತಾರೆ. ಅದಕ್ಕೇ ಅತ್ತೆ ಸಕ್ಕೂಬಾಯಿ ನಸುಕಿನಲ್ಲೇ ಬಂದು, ದೂರದಲ್ಲಿ ನಿಂತು, ಬಾಗಿಲು ಮುಂದಕ್ಕ ಮಾಡಿಕೊಂಡು ಕೂಡು ತಾಯಿ, ಕೆಮ್ಮು ಬಂದ್ರೂ ಸೆರಗಿನಾಗ ಕೆಮ್ಮು, ಅಂದು ಹೋಗಿದ್ದರು.

ಮೂರು ದಿನ. ಉಳಿದ ಹೆಂಗಸರಿಗೆ ಇದು ಬಿಡುವು, ಒಲೆಯಿಲ್ಲ, ನೀರು ಸೇದುವುದಿಲ್ಲ, ಹೊರಗ ಕೂತರ ಅದ ನಮಗ ತೌರುಮನಿ ಅಂತ ಓಣಿಯ ಹೆಂಗಸರು ನಗುತ್ತಾರೆ, ಅಂಬೂಬಾಯಿಗೆ ಆ ಮೂರು ದಿನವೂ ಇಲ್ಲ, ಮಗಳಿಗೆ ಸೂಜಿ ಚುಚ್ಚಬೇಕಲ್ಲ. ಎದ್ದ ಕೂಡಲೇ ಇದ್ದಿಲ ಒಲೆ ಹೊತ್ತಿಸಿ ಗಾಜಿನ ಪಿಚಕಾರಿ, ಸೂಜಿ ಎರಡನ್ನೂ ಕುದಿಸಬೇಕು, ಸೂಜಿ ಮೊಂಡಾಗಿದ್ದರೆ ಕಲ್ಲಿಗೆ ಉಜ್ಜಬೇಕು, ಮರಳಲ್ಲಿ ಹೂತಿಟ್ಟ ಗಡಿಗೆಯೊಳಗಿಂದ ಇನ್ಸುಲಿನ್ ಸೀಸೆ ತೆಗೆಯಬೇಕು, ಗಡಿಗೆಯ ಮೇಲಿನ ಬಟ್ಟೆ ಒಣಗದ ಹಾಗೆ ದಿನವಿಡೀ ನೀರು ಚಿಮುಕಿಸಬೇಕು, ಆ ಸೀಸೆಯಾದರೂ ಮದರಾಸಿನಿಂದ ಬರಬೇಕು, ಯುದ್ಧ ಶುರುವಾದ ಮೇಲೆ ಬಂದರೆ ಬಂತು ಇಲ್ಲದಿದ್ದರೆ ಇಲ್ಲ, ಇವತ್ತು ಎಡ ತೊಡೆ, ನಾಳೆ ಬಲ ತೊಡೆ, ಚುಚ್ಚಿದ ಮೇಲೆ ಉಣಿಸಬೇಕು, ಸಂಜೆಗೆ ಮತ್ತೆ ಅದೇ — ಚುಚ್ಚುವಾಗ ಹುಡುಗಿ ಅಳುವುದನ್ನು ಯಾವತ್ತೋ ಬಿಟ್ಟಿದ್ದಾಳೆ, ಅಳುವುದು ಬಿಟ್ಟಳಲ್ಲ ಎನ್ನುವುದೇ ಅಂಬೂಬಾಯಿಗೆ ಅಳು ತರುತ್ತದೆ. ಹೊರಗಾದ ದಿನಗಳಲ್ಲಿ ಮಗುವನ್ನು ಕೊಟ್ಟಿಗೆಗೇ ಕರೆಸಿಕೊಂಡು ಚುಚ್ಚುತ್ತಾಳೆ, ಆಮೇಲೆ ಅತ್ತೆ ದೂರದಿಂದ ತಲೆಯ ಮೇಲೆ ಬಿಂದಿಗೆ ನೀರು ಸುರಿದು ಮಗುವನ್ನು ಒಳಗೆ ಸೇರಿಸಿಕೊಳ್ಳುತ್ತಾರೆ, ಇವತ್ತು ನಸುಕಿನಲ್ಲೂ ಹಾಗೇ ಆಯಿತು, ಆ ಏರ್ಪಾಡು ಅತ್ತೆಯೇ ಮಾಡಿದ್ದು, ಕೆಟ್ಟವರಲ್ಲ ಅವರು. ಗಂಡ ಶ್ರೀನಿವಾಸರಾಯರೂ ಕೆಟ್ಟವರಲ್ಲ, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು, ಒಮ್ಮೆ ಕಲಿಯುತ್ತೇನೆಂದು ಸೂಜಿ ಹಿಡಿದು, ಕಣ್ಣಿಗೆ ಕತ್ತಲೆ ಬಂದು ಗೋಡೆಗೆ ಒರಗಿ ಕೂತುಬಿಟ್ಟರು, ಇದೆಲ್ಲ ನಿನ್ನ ಕೈಗೇ ಸರಿ ಅಂದರು, ಅಂದು ಮುಗಿಯಿತು. ಸಾಕಾಗಿದೆ. ಸಾಕಾಗಿದೆ ಎಂದು ಯಾರ ಮುಂದೆಯೂ ಅಂದಿಲ್ಲ, ಈ ಆಕಳ ಮುಂದೆಯೂ ಅಂದಿಲ್ಲ. ಕಲ್ಲು ಮೇಲೆ ಹೋಯಿತು, ಇಳಿಯಿತು, ಹಿಡಿದಳು, ಸದ್ಯ.

ಎರಡು ವರ್ಷದ ಹಿಂದಿನ ರಾಮನವಮಿ, ಹುಡುಗಿಗೆ ಅದೇನು ಬಾಯಾರಿಕೆ, ಹಂಡೆಯೊಳಗೆ ಚೊಂಬು ಅದ್ದಿ ಅದ್ದಿ ಕುಡಿಯುತ್ತಿದ್ದಳು, ಬೆಳಗಾದರೆ ಹಾಸಿಗೆ ಒದ್ದೆ, ಎಂಟು ವರ್ಷದವಳು ನಾಚಿಕೆಯಿಂದ ತಾನೇ ಹಾಸಿಗೆ ಮಡಚಿ ಅಟ್ಟದ ಮೂಲೆಗೆ ತುರುಕುತ್ತಿದ್ದಳು, ಉಣ್ಣುವುದು ಉಣ್ಣುತ್ತಲೇ ಇದ್ದಳು, ಮೈ ಮಾತ್ರ ಇಳಿಯುತ್ತ ಬಂತು, ಲಂಗ ಸೊಂಟದಲ್ಲಿ ನಿಲ್ಲದೆ ಜಾರಿತು. ಉಷ್ಣ ಅಂದರು ಎಲ್ಲರೂ, ಮೊದಲು ಅಂದವಳು ತಾನೇ, ಮೈ ತಣ್ಣಗಾಗಲಿ ಅಂತ ಪಾನಕ ಮಾಡಿ ಕುಡಿಸಿದ್ದೇ ಕುಡಿಸಿದ್ದು, ಕಾಮಕಸ್ತೂರಿ ಬೀಜ ನೆನೆಹಾಕಿ, ಒಳ್ಳೆ ಬೆಲ್ಲ ಹುಡುಕಿ ತರಿಸಿ, ಇನ್ನೊಂದು ಲೋಟ ಕುಡಿ ನನ್ನವ್ವ, ತಾಯಿಯ ಕೈಯಿಂದಲೇ ಮಗಳಿಗೆ ವಿಷ ಅದು, ಲೋಟ ಲೋಟ. ಆಮೇಲೆ ಒಂದು ದಿನ ಕರೆದರೆ ಓ ಅನ್ನದ ಮಗು, ಎದೆ ತಿದಿಯೊತ್ತಿದ ಹಾಗೆ ಏಳುತ್ತ ಬೀಳುತ್ತ, ಬಾಯಿಂದ ಮಾಗಿ ಕೊಳೆತ ಹಣ್ಣಿನ ವಾಸನೆ, ಡಾಕ್ಟರ್ ಶ್ರೀರಾಮುಲು ಹೊಸ್ತಿಲಲ್ಲೇ ನಿಂತು ಮೂಗು ಅರಳಿಸಿದರು, ಪಾಪಕಿ ಪಾನಕಂ ಇಚ್ಚಾರಾ ಅಮ್ಮಾ, ಕೂಸಿಗೆ ಪಾನಕ ಎಷ್ಟು ಕೊಟ್ಟೀರಿ, ಅಂದರು, ಅಂಬೂಬಾಯಿ ಖಾಲಿ ಲೋಟ ತೋರಿಸಿದಳು. ಮಗುವಿನ ಮೂತ್ರದ ಕೆಲವು ತೊಟ್ಟು ನೀಲಿ ನೀರಿಗೆ ಹಾಕಿ ದೀಪದ ಮೇಲೆ ಕಾಯಿಸಿದರು, ಆ ನೀಲಿ ನೋಡನೋಡುತ್ತ ಇಟ್ಟಿಗೆಯ ಕೆಂಪಾಯಿತು. ದೊಡ್ಡೋರಿಗೆ ಬರೋ ಸಕ್ಕರಿ ಬ್ಯಾನಿ ಬ್ಯಾರೆ ಅಮ್ಮಾ, ಇದು ಬ್ಯಾರೆ, ಉಂಡದ್ದು ಮೈಗೆ ಹತ್ತಬೇಕಂದ್ರ ಒಳಗ ಒಂದು ರಸ ಹುಟ್ಟಬೇಕು, ಈ ಪಾಪಕಿ ಅದು ಹುಟ್ಟೋದ ನಿಂತೈತಿ, ಇನ್ನ ನಾವು ಹೊರಗಿಂದ ಕೊಡಬೇಕು, ದಿನಾ. ಎಷ್ಟು ದಿನ, ಅವಳು ಕೇಳಿದ್ದಳು, ಇರೋಷ್ಟು ದಿನ, ಅಂದಿದ್ದರು ಪಿಚಕಾರಿ ತುಂಬುತ್ತ. ಅದನ್ನ ಯಾತರಿಂದ ಮಾಡ್ತಾರ, ಅಂತ ಅತ್ತೆ ಕೇಳಿದರು, ಅದೊಂದು ಕೇಳಬ್ಯಾಡ್ರಿ ದೊಡ್ಡಮ್ಮನವರೇ, ಅಂದರು ಡಾಕ್ಟರು, ತಲೆ ಬೋಳಿಸಿಕೊಂಡು ಕೆಂಪು ಮಡಿಸೀರೆ ಉಟ್ಟ ಅತ್ತೆ, ಈರುಳ್ಳಿಯ ಗಾಳಿಯನ್ನೂ ಮನೆಯೊಳಗೆ ಬಿಡದ ಅತ್ತೆ, ಯಾವುದೋ ಪ್ರಾಣಿಯದೆಂದು ತಿಳಿದು ಅವರ ಮುಖ ನೋಡಿದರು, ಮಗುವಿನ ಮುಖ ನೋಡಿದರು, ಎರಡನೇ ಸಲ ಕೇಳಲಿಲ್ಲ.

ನೀಲಿ ನೀರು ಹಸಿರಾದ್ರ ನಡೀತದ, ಹಳದಿ ಆದ್ರ ಎಚ್ಚರ, ಕೆಂಪಾದ್ರ ನನ್ನ ಕರೀರಿ, ಅಂತ ಶ್ರೀರಾಮುಲು ಕಲಿಸಿದ್ದರು, ಅದು ಅವಳಿಗೆ ಬೇಗ ಬಂತು, ಬಣ್ಣ ತಾನೇ, ಕುಂಕುಮ ಅರಿಶಿನ ಕಂಡ ಹೆಂಗಸಿಗೆ ಬಣ್ಣ ಏನು ಕಷ್ಟ. ಆದ್ರ ಸಕ್ಕರಿ ಪೂರಾ ಇಳಿದ್ರ ಆ ನೀರು ಏನೂ ಹೇಳೋದಿಲ್ಲಮ್ಮಾ, ಚುಚ್ಚಿದ ಮ್ಯಾಲೆ ಪಾಪ ಉಣ್ಣಲಿಲ್ಲ ಅಂದ್ರ ಆ ಮದ್ದು ಇರೋ ಸಕ್ಕರೀನೂ ತಿಂದುಬಿಡ್ತದ, ಆಗ ಕೈ ತಪ್ಪತದ, ಮಾತು ತಪ್ಪತದ, ಬೆವರತದ, ಆ ಬೆವರು ಮುಟ್ಟಿ ನೋಡ್ರಿ, ಬಿಸಿಲಿನ ಬೆವರು ಬೆಚ್ಚಗಿರ್ತದ, ಇದು ತಣ್ಣಗ, ಬಾವಿ ನೀರಿನಂಗ, ತಣ್ಣಗಿತ್ತಂದ್ರ ನಿಂತ ಕಾಲಮ್ಯಾಲೆ ಬೆಲ್ಲ, ನುಂಗಲಾರದೆ ಹೋದ್ರ ಗಲ್ಲದೊಳಗ ಹಚ್ಚಿರಿ, ತಡ ಮಾಡಿದ್ರ ಪಾಪ ಮಲಗಿದ್ದು ಏಳೋದಿಲ್ಲ. ಅವತ್ತಿನಿಂದ ಸೆರಗಿನ ತುದಿಯಲ್ಲಿ ಬೆಲ್ಲದ ಗಂಟು, ಅವತ್ತಿನಿಂದ ಯಾರ ಮುಖ ನೋಡಿದರೂ ಮೊದಲು ಮೇಲ್ದುಟಿ ನೋಡುವ ಚಾಳಿ, ಹಾಲಿನವಳದು, ಬಳೆಗಾರನದು, ಗಂಡನದು. ಹೋದ ವರ್ಷ ನರಸಿಂಹ ಜಯಂತಿಯ ದಿನ ಹುಡುಗಿ ಓಡಿ ಆಡಿ ಬಂದಿದ್ದಳು, ತುಟಿಯ ಮೇಲೆ ಹನಿ ಕಂಡಿತು, ಅಂಬೂಬಾಯಿ ಮುಟ್ಟಿಯೂ ನೋಡದೆ ನೈವೇದ್ಯಕ್ಕಿಂತ ಮುಂಚೆ ದೇವರ ಪಾನಕದ ಬೆಲ್ಲವನ್ನೇ ಬಾಚಿ ಬಾಯಿಗೆ ತುರುಕಿದಳು, ಸಂಜೆ ನೀಲಿ ನೀರು ಕೆಂಪೋ ಕೆಂಪು. ಅತ್ತೆ ಹೊಸ ಪಾನಕ ಕಲಸಿದರು, ಗಂಡ ಮಾತ್ರ, ನಿನಗ ಹೆದರಿಕಿ ಅನ್ನೋದ ಒಂದು ಬ್ಯಾನಿ ಆಗ್ಯದ, ಅಂದರು. ಆ ಮಾತು ಈಗ ಕೊಟ್ಟಿಗೆಯೊಳಗೆ ಅವಳ ಪಕ್ಕದಲ್ಲಿ ಕೂತಿದೆ, ಹೆದರಿಕೆ, ಬರೀ ಹೆದರಿಕೆ, ಬಿಸಿಲಿಗೆ ಬೆವರಿದ್ದಾಳೆ ಅಷ್ಟೇ.

ಚುಚ್ಚಿದ ಮೇಲೆ ಅವಲಕ್ಕಿ ಹಾಲು ಕೊಡ್ರಿ ಅಂತ ನಿನ್ನೆಯೇ ಅತ್ತೆಗೆ ಹೇಳಿದ್ದಳು, ಶ್ರಾದ್ಧದ ಅಡಿಗೆಯಲ್ಲಿ ಕೈ ಹಾಕುವುದಲ್ಲವಲ್ಲ ಅದು, ಬೇರೆಯೇ ಬೋಗುಣಿ, ಅತ್ತೆ ಹೂಂ ಅಂದಿದ್ದರು. ಬ್ರಾಹ್ಮಣರಲ್ಲಿ ಒಬ್ಬರು ಆಲೂರಿನಿಂದ ಬರಬೇಕು, ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುವ ಆ ಬಸ್ಸು ಹಾದಿಯಲ್ಲಿ ಎಲ್ಲಿ ನಿಂತಿತೋ, ಹೊತ್ತು ಏರಿತು, ಬೇವಿನ ನೆರಳು ಗೋಡೆಯ ಬುಡಕ್ಕೆ ಸರಿಯಿತು, ಆಗಲೇ ತುಂಗಾ ಎದ್ದು ಕೊಟ್ಟಿಗೆಯ ಹತ್ತಿರ ಬಂದಳು, ಸಂದಿಯಿಂದ ಎರಡು ಮಾರು ದೂರದಲ್ಲಿ ನಿಂತಳು, ಮುಖದ ತುಂಬ ಜಂಬ. ಅವ್ವಾ, ಇವತ್ತು ನಾನೂ ಒಪ್ಪತ್ತು, ಅಜ್ಜಿ ಹಂಗ. ಅವಲಕ್ಕಿ ತಿಂದ್ಯೋ ಇಲ್ಲೋ, ಅಂಬೂಬಾಯಿ ಪಿಸುಗುಟ್ಟಿದಳು. ಒಲ್ಲೆ ಅಂದೆ, ಅಜ್ಜಗ ಮೊದಲು, ಆಮ್ಯಾಲೆ ನನಗ, ಅಜ್ಜಿ ಶಾಣ್ಯಾಕಿ ಅಂದ್ಲು, ಒಂದೊಪ್ಪತ್ತು ಬಿಟ್ರ ಸಕ್ಕರಿ ತಾನ ಇಳೀತದ, ರೋಗಕ್ಕೂ ಒಳ್ಳೇದ ಅಂದ್ಲು. ಇಳೀತದ, ಇಳಿಯುವುದೇ ಭಯ, ಇಳಿಯುತ್ತದೆ ಅತ್ತೆವ್ರ, ಇಳಿದು ಇಳಿದು — ಅತ್ತೆಗೆ ಅದನ್ನು ಯಾರು ಬಿಡಿಸಿ ಹೇಳಿದ್ದಾರೆ, ತಾನೇ ಹೇಳಲಿಲ್ಲ, ಸಕ್ಕರೆ ಕೆಟ್ಟದ್ದು ಎನ್ನುವಷ್ಟನ್ನೇ ಮನೆಯೆಲ್ಲ ಕಲಿತಿದೆ, ಕೆಟ್ಟದ್ದು ಕಡಿಮೆಯಾದರೆ ಒಳ್ಳೆಯದು ಎಂದು ಯಾವ ಅಜ್ಜಿ ತಿಳಿಯುವುದಿಲ್ಲ. ಬಾ ಇಲ್ಲಿ, ಹತ್ತಿರ ಬಾ, ತುಟಿ ತೋರಿಸು, ಸಂದಿಯಿಂದ ಬೆರಳು ಚಾಚಿದಳು, ಹುಡುಗಿ ನಗುತ್ತ ಹಿಂದಕ್ಕೆ ಹಾರಿದಳು, ಅವ್ವಾ ಮುಟ್ಟಬ್ಯಾಡ, ನಾ ಮಡಿ! ಹೋಗು, ಈಗಿಂದೀಗ ಹೋಗಿ ತಿನ್ನು, ಅವ್ವ ಅಂದ್ಲು ಅಂತ ಹೇಳು. ಹುಡುಗಿ ಅಡಿಗೆಮನೆಯ ಹಿಂಬಾಗಿಲ ತನಕ ಹೋದಳು, ಅಷ್ಟರಲ್ಲಿ ಮುಂದಿನ ಬಾಗಿಲಲ್ಲಿ ಬರ್ರಿ ಆಚಾರ್ರೇ ಬರ್ರಿ ಎಂಬ ಗದ್ದಲ, ಆಲೂರಿನವರು ಬಂದೇ ಬಿಟ್ಟಿದ್ದರು, ಒಳಗಿನಿಂದ ಅತ್ತೆಯ ಕೈ ಮಾತ್ರ ಕಂಡಿತು, ತಡಿ ತಡಿ ಎನ್ನುವ ಕೈ, ಹುಡುಗಿ ತಿರುಗಿ ಬಂದು ಕಲ್ಲುಗಳ ಮುಂದೆ ಕೂತಳು.

ಇನ್ನೇನು ಆಗಿಬಿಡುತ್ತದೆ ಎಂದು ಆಗಿನಿಂದ ಕಿವಿಯಲ್ಲೇ ಎಲ್ಲವನ್ನೂ ಹಿಂಬಾಲಿಸುತ್ತಿದ್ದಾಳೆ, ಕಾಲು ತೊಳೆದ ನೀರಿನ ಸದ್ದು, ಗಂಡ ಹೇಳುವ ಮಂತ್ರ, ಎಲೆ ಕೊಡವಿದ ಸದ್ದು, ಈಗ ಪಾಯಸದ ವಾಸನೆ, ಮಾವನವರಿಗೆ ಪ್ರಾಣವಾದ ಗಸಗಸೆ ಪಾಯಸ, ಇದ್ದಾಗ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತಮ್ಮ ಎಲೆಯಿಂದಲೇ ತಿನ್ನಿಸುತ್ತಿದ್ದರು, ಇನ್ನೇನು, ಬ್ರಾಹ್ಮಣರು ಉಂಡೆದ್ದರೆ ಮಗುವಿಗೂ ಊಟ, ಸ್ವಲ್ಪ ತಡಿ ತುಂಗೀ, ಸ್ವಲ್ಪ ತಡಿ. ಸೆರಗಿನ ತುದಿ ಮುಟ್ಟಿಕೊಳ್ಳುತ್ತಾಳೆ, ಗಂಟಿಲ್ಲ, ನಿನ್ನೆ ಹೊರಗಾದಾಗ ಉಟ್ಟ ಸೀರೆ ಬಿಟ್ಟು ಈ ಹಳೆಯದನ್ನು ಸುತ್ತಿಕೊಂಡಳು, ಬೆಲ್ಲ ಆ ಸೀರೆಯ ಜೊತೆ ಅಗಸರ ಗಂಟಿಗೆ ಹೋಯಿತು, ಮರೆತಳು, ಮರೆಯುವವಳಲ್ಲ, ದಣಿವು ಮರೆಸಿತು, ಮತ್ತೆ ಮುಟ್ಟಿಕೊಳ್ಳುತ್ತಾಳೆ, ಇಲ್ಲ. ಕೂಗಬಹುದು. ಕೂಗಿದರೆ — ಓರಗಿತ್ತಿ ಒಮ್ಮೆ ಶ್ರಾದ್ಧದ ದಿನವೇ ಇದೇ ಕೊಟ್ಟಿಗೆಯಲ್ಲಿ ಕೂತವಳು ಚೇಳು ಕಂಡು ಕಿರುಚಿದ್ದಳು, ಬ್ರಾಹ್ಮಣರು ಕೈ ತೊಳೆದು ಎದ್ದರು, ಅತ್ತೆ ಅವಳನ್ನು ಬಯ್ಯಲಿಲ್ಲ, ಆ ದಿನ ನೀರೂ ಮುಟ್ಟದೆ ಮರುದಿನವೂ ಮುಟ್ಟದೆ ತುಳಸಿಕಟ್ಟೆಯ ಬಳಿ ಬೆನ್ನು ಬಾಗಿಸಿ ಕೂತರು, ಅವರು ಹಸಿದು ಹೋದ್ರು, ಬಾಗಿಲ ತನಕ ಬಂದು ಹಸಿದು ಹೋದ್ರು, ಅಂದು ಅಂದು ಅತ್ತರು, ವರ್ಷಕ್ಕೊಮ್ಮೆ ಗಂಡನಿಗೆ ಉಣಿಸುವ ಮುದುಕಿಯ ಅಳು ಅದು, ಅದನ್ನು ಇನ್ನೊಮ್ಮೆ ತನ್ನ ಬಾಯಿಯಿಂದ ತರಿಸಲೇ, ಬರೀ ಬಿಸಿಲಿನ ಬೆವರಿಗೆ, ನರಸಿಂಹ ಜಯಂತಿಯ ಹಾಗೆ. ಕೂಗದಿದ್ದರೆ — ಕೂಗದಿದ್ದರೆ ಯಾರೂ ಏನೂ ಅನ್ನುವುದಿಲ್ಲ, ಹೊರಗಾದವಳು ಬಾಯಿ ಮುಚ್ಚಿ ಕೂತಿದ್ದಳು, ಕೂರಲು ಹೇಳಿದ್ದರು, ಕೂತಳು, ತಪ್ಪು ಯಾರದೂ ಅಲ್ಲ, ಇನ್ನು ಸೂಜಿ ಕುದಿಸುವುದಿಲ್ಲ, ಗಡಿಗೆಗೆ ನೀರು ಚಿಮುಕಿಸುವುದಿಲ್ಲ, ಮದರಾಸಿನ ದಾರಿ ಕಾಯುವುದಿಲ್ಲ, ಬೆಳಗಾಗುವ ತನಕ ನಿದ್ದೆ, ಎಷ್ಟು ದಿನವಾಯಿತು ಬೆಳಗಾಗುವ ತನಕ — ಅಯ್ಯೋ ದೇವರೇ, ಏನು ಯೋಚನೆ ಇದು, ಯಾವ ತಾಯಿಯ ತಲೆಯಲ್ಲಿ ಬರುವ ಯೋಚನೆ, ಕೊಟ್ಟಿಗೆಯ ಗೋಡೆಗೆ ಹಣೆ ಒತ್ತಿಕೊಳ್ಳುತ್ತಾಳೆ, ಗೋಡೆ ಬಿಸಿಯಾಗಿದೆ.

ದೂರದಲ್ಲಿ ಹತ್ತಿ ಬಿಡಿಸುವ ಜಿನ್ ಕಾರ್ಖಾನೆಯ ಮಧ್ಯಾಹ್ನದ ಕೂಗು ಎದ್ದಿತು, ಊರೆಲ್ಲ ಕೇಳುವ ಕೂಗು, ಅದಕ್ಕೆ ಯಾವ ಮಡಿಯೂ ಇಲ್ಲ. ಸಂದಿಗೆ ಕಣ್ಣು. ಕಲ್ಲು ಮೇಲೆ ಹೋಗುತ್ತದೆ, ಕೈ ಅದಕ್ಕಿಂತ ಮೊದಲೇ ಮುಚ್ಚಿಕೊಳ್ಳುತ್ತದೆ, ಕಲ್ಲು ಬಂಡೆಯ ಮೇಲೆ ಬಿದ್ದು ಉರುಳುತ್ತದೆ. ಒಂದು ಸಲ ಯಾರಿಗೂ ತಪ್ಪುತ್ತದೆ. ಹುಡುಗಿ ಅದನ್ನು ಹೆಕ್ಕುವುದಿಲ್ಲ, ಇನ್ನೊಂದನ್ನು ಎಸೆಯುತ್ತಾಳೆ, ಕೈಯನ್ನೇ ಒಡ್ಡುವುದಿಲ್ಲ, ಕಲ್ಲು ಅವಳ ಮೊಣಕಾಲಿಗೆ ತಾಗಿ ಬೀಳುತ್ತದೆ, ಅವಳು ಬೇವಿನ ಮರದ ಕಡೆ ನೋಡಿ ನಗುತ್ತಾಳೆ, ಯಾರಿಗೋ ಏನೋ ಹೇಳುತ್ತಾಳೆ, ಮಾತು ಮಾತಿನ ಹಾಗಿಲ್ಲ, ತಲೆ ಮೆಲ್ಲಗೆ ಕಟ್ಟೆಯ ಕಂಬಕ್ಕೆ ಒರಗುತ್ತದೆ, ತುಟಿಯ ಮೇಲಿನ ಹನಿಗಳು ಈಗ ಸಾಲಾಗಿಲ್ಲ, ಒಂದರೊಳಗೊಂದು ಕೂಡಿ ಬಾಯಿಯ ಅಂಚಿಗೆ ಇಳಿಯುತ್ತಿವೆ. ತುಂಗಾ! — ತನ್ನದೇ ದನಿ ಅದು, ಇಷ್ಟು ದೊಡ್ಡ ದನಿ ತನ್ನೊಳಗಿತ್ತೇ, ಹಿತ್ತಲಿಗೆ ಬಡಿದು ಮನೆಯೊಳಗೆ ಹೋಗಿ ಬಿತ್ತು, ಒಳಗೆ ಮಂತ್ರ ನಿಂತಿತು, ಯಾರದು, ಅಂತ ಆಲೂರಿನವರ ದನಿ, ಯಾರಾದರಾಗಲಿ, ಬಾಗಿಲು ದೂಡಿಕೊಂಡು ಹೊರಬಂದಳು, ಕಾದ ಬಂಡೆ ಅಂಗಾಲನ್ನು ಸುಡುತ್ತಿದೆ, ಸುಡಲಿ.

ಮುಟ್ಟಿದಳು. ತಣ್ಣಗಿತ್ತು, ಈ ಉರಿಬಿಸಿಲಲ್ಲಿ ಬಾವಿ ನೀರಿನ ಹಾಗೆ ತಣ್ಣಗೆ. ಬೆಲ್ಲ, ಅತ್ತೆವ್ರ ಬೆಲ್ಲ, ಏನಾದ್ರೂ ಸಿಹಿ, ಪಾಯಸ, ಪಾಯಸ ತರ್ರಿ — ಒಳಗೆ ಯಾರೋ ಎಲೆ ಬಿಟ್ಟು ಎದ್ದ ಸದ್ದು, ಗಂಡನ ದನಿ, ಏನ್ ಮಾಡಿದೆ ನೀ, ಏನ್ ಮಾಡಿದೆ, ಹಿಂಬಾಗಿಲಲ್ಲಿ ಅತ್ತೆ, ಕೈಯಲ್ಲಿ ಪಾಯಸದ ಪಾತ್ರೆ, ಬಡಿಸಲು ಹೊರಟವರು ಹಾಗೇ ಬಂದು ನಿಂತಿದ್ದಾರೆ, ಎರಡನೇ ಸಲವೂ ಗಂಡ ಹಸಿದು ಹೋದ ಮುಖ, ಆ ಮುಖ ಮೊಮ್ಮಗಳ ತೇಲಿದ ಕಣ್ಣು ನೋಡಿತು. ನೋಡಿದ್ದಷ್ಟೇ. ಅತ್ತೆ ಮೇಲಿನಿಂದ ಸುರಿಯಲಿಲ್ಲ, ದೂರದಿಂದ ಚಾಚಲಿಲ್ಲ, ಬಂದು ಬಂಡೆಯ ಮೇಲೆ ಕುಕ್ಕರಿಸಿದರು, ಕೆಂಪು ಮಡಿಸೀರೆ ಅಂಬೂಬಾಯಿಯ ಮಾಸಿದ ಸೀರೆಗೆ ತಾಗಿತು, ಮೊಣಕೈಗೆ ಮೊಣಕೈ, ನಾನ ತಿನ್ನಬ್ಯಾಡ ಅಂದೆನಲ್ಲವ್ವ, ನಾನ ಶಾಣ್ಯಾಕಿ ಅಂದೆನಲ್ಲ, ಅನ್ನುತ್ತ ಬೆರಳಿನಲ್ಲಿ ಪಾಯಸ ತೆಗೆದರು, ಗಲ್ಲದೊಳಗ ಹಚ್ರಿ, ಗಂಟಲಿಗೆ ಬ್ಯಾಡ, ಅಂದಳು ಅಂಬೂಬಾಯಿ, ಅತ್ತೆ ಹಚ್ಚಿದರು, ಮತ್ತೆ ಹಚ್ಚಿದರು, ಉಣ್ಣು ತಾಯಿ, ನಿಮ್ಮಜ್ಜನ ಎಲಿದು, ಉಣ್ಣು. ನುಂಗುವುದಿಲ್ಲ. ಪಾಯಸ ತುಟಿಯ ಅಂಚಿನಿಂದ ಹೊರಗೆ ಬರುತ್ತದೆ, ಅಂಬೂಬಾಯಿ ಅದನ್ನು ಬೆರಳಿಂದ ಒಳಗೆ ತಳ್ಳುತ್ತಾಳೆ, ತಾನು ಯೋಚಿಸಿದ್ದು ಕೇಳಿಸಿತೇನೋ ಮಗುವಿಗೆ, ಗೋಡೆಯಾಚೆಯಿಂದ ಕೇಳಿಸಿತೇನೋ, ಇನ್ನು ಯೋಚಿಸುವುದಿಲ್ಲ ತುಂಗೀ, ದಿನಾ ಕುದಿಸುತ್ತೇನೆ, ದಿನಾ, ಇರುವಷ್ಟು ದಿನ. ಗಂಡ ಬಾಗಿಲಲ್ಲಿ ನಿಂತಿದ್ದಾರೆ, ಬೆರಳಲ್ಲಿ ದರ್ಭೆಯ ಉಂಗುರ. ಅತ್ತೆಯ ಕೈ ಪಾತ್ರೆಗೂ ಗಲ್ಲಕ್ಕೂ ಓಡಾಡುತ್ತದೆ. ಆಮೇಲೆ ಮಗುವಿನ ಗಂಟಲಲ್ಲಿ ಒಂದು ಅಲುಗಾಟ, ಸಣ್ಣದು, ಇನ್ನೊಂದು, ನಾಲಿಗೆ ಹೊರಗೆ ಬಂದು ಅಜ್ಜಿಯ ಬೆರಳನ್ನು ಹುಡುಕಿತು, ಕಣ್ಣು ಎಲ್ಲಿಂದಲೋ ಬಂದು ತಾಯಿಯ ಮುಖದ ಮೇಲೆ ನಿಂತಿತು, ತೊದಲಿತು ಬಾಯಿ, ಮುಟ್ಟಿಬಿಟ್ಟ್ಯಾ ಅವ್ವಾ. ಹೂಂ, ಮುಟ್ಟಿಬಿಟ್ಟೆ, ಅಂಬೂಬಾಯಿ ಬೆರಳನ್ನು ತೆಗೆಯುವುದಿಲ್ಲ, ಬೆರಳು ಮೇಲ್ದುಟಿಯ ಮೇಲೇ ಇದೆ, ಬೆರಳಿನ ಕೆಳಗೆ ಹನಿ, ಇನ್ನೂ ತಣ್ಣಗೆ, ಒರೆಸುತ್ತಾಳೆ, ಮತ್ತೆ ಬರುತ್ತದೆ, ಒಂದು ಹನಿ, ಬೆಚ್ಚಗಿದೆಯೇ, ಇಲ್ಲ, ಇನ್ನೂ ಇಲ್ಲ, ಮತ್ತೊಂದು ಹನಿ, ಸಾಸಿವೆಯಷ್ಟು, ತುಟಿಯ ಮೇಲೆ, ಬೆರಳಿನ ಕೆಳಗೆ —